ಸಪ್ರೆಸರ್ ಅಂದರೆ ಸದ್ದೇ ಇಲ್ಲ ಅಂತಲ್ಲ

.22 ರೈಫಲ್‌ಗೆ (0.22 ಇಂಚು ನಳಿಕೆಯ ಸಣ್ಣ ರೈಫಲ್) ಹಗುರವಾದ ಒಂದು ಸೈಲೆನ್ಸರ್, ಅಂದರೆ ನಳಿಕೆಯ ತುದಿಗೆ ಕೂರಿಸುವ, ಸದ್ದು ತಗ್ಗಿಸುವ ಕೊಳವೆಯಾದ ಸಪ್ರೆಸರ್, ಹಾಕಿಸಿದರೆ ಪಕ್ಕದಲ್ಲಿ ನಿಂತವರಿಗೂ ಕೇಳಿಸುವುದಿಲ್ಲ ಅಂತ ಮತ್ತೊಬ್ಬರು ಬರೆದಿದ್ದಾರೆ. ದಯವಿಟ್ಟು ಇದನ್ನು ನಿಲ್ಲಿಸೋಣ. ಸಿನಿಮಾದಲ್ಲಿ ಕೇಳುವ ಆ 'ಫುಸ್' ಸದ್ದು ನಿಜವಾಗಿ ಗುಂಡು ಹೊಡೆಯುವ ರೇಂಜಿನಲ್ಲಿ ಕೇಳುವುದಿಲ್ಲ.

ಗೊಂದಲಕ್ಕೆ ಕಾರಣ ಹೆಸರೇ. ಹೈರಮ್ ಪರ್ಸಿ ಮ್ಯಾಕ್ಸಿಮ್ ಎಂಬ ಅಮೆರಿಕದ ಎಂಜಿನಿಯರ್ 1909ರಲ್ಲಿ ಇದಕ್ಕೆ ಪೇಟೆಂಟ್ ಪಡೆದು 'ಮ್ಯಾಕ್ಸಿಮ್ ಸೈಲೆನ್ಸರ್' ಅಂತ ಮಾರಿದರು. ಮಷಿನ್ ಗನ್ ಕಂಡುಹಿಡಿದ ಮ್ಯಾಕ್ಸಿಮ್ ಅವರ ಮಗ ಇವರು. ಸೈಲೆನ್ಸರ್ ಅನ್ನುವುದು ಸರಕು ಮಾರಲು ಇಟ್ಟ ಹೆಸರು, ಕೆಲಸದ ವಿವರಣೆ ಅಲ್ಲ. ಆದರೆ 1934ರ ಅಮೆರಿಕದ ಕಾನೂನು ಕೂಡ ಅದೇ ಪದವನ್ನು ಬಳಸಿತು, ಅಲ್ಲಿಗೆ ಅದು ಗಟ್ಟಿಯಾಗಿ ಕೂತುಬಿಟ್ಟಿತು. ಬ್ರಿಟನ್ನಿನವರು ಮಾಡರೇಟರ್ ಅನ್ನುತ್ತಾರೆ. ಅದೇ ಹೆಚ್ಚು ಸರಿ. ಮ್ಯಾಕ್ಸಿಮ್ ಕಂಪನಿ ಮುಂದೆ ಎಂಜಿನ್‌ಗಳಿಗೂ ಸೈಲೆನ್ಸರ್ ಮಾಡಿತು. ನಮ್ಮ ಬೈಕಿನ ಸೈಲೆನ್ಸರ್ ಸದ್ದನ್ನು ಕಡಿಮೆ ಮಾಡುತ್ತದೆಯೇ ಹೊರತು ಬೈಕನ್ನು ಮೂಕ ಮಾಡುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಅಲ್ವಾ? ಇಲ್ಲೂ ಅಷ್ಟೇ.

ಗುಂಡು ಹಾರಿದಾಗ ಎರಡು ಬೇರೆ ಬೇರೆ ಸದ್ದು ಹುಟ್ಟುತ್ತವೆ, ಇದನ್ನು ಯಾರೂ ಬಿಡಿಸಿ ಹೇಳುವುದೇ ಇಲ್ಲ. ಒಂದು, ನಳಿಕೆಯ ಬಾಯಿಂದ ಒಮ್ಮೆಲೇ ನುಗ್ಗುವ ಬಿಸಿ ಅನಿಲದ್ದು. ಸಪ್ರೆಸರ್ ಒಳಗೆ ಸಾಲಾಗಿರುವ ತಡೆಗಳು, ಅಂದರೆ ಬ್ಯಾಫಲ್‌ಗಳು, ಆ ಅನಿಲವನ್ನು ತಡೆದು, ತಣಿಸಿ, ನಿಧಾನಕ್ಕೆ ಹೊರಬಿಡುತ್ತವೆ. ಇನ್ನೊಂದು, ಶಬ್ದಕ್ಕಿಂತ ವೇಗವಾಗಿ ಹೋಗುವ ಗುಂಡು ಗಾಳಿಯಲ್ಲಿ ದಾರಿಯುದ್ದಕ್ಕೂ ಹುಟ್ಟಿಸುವ 'ಚಟ್' ಸದ್ದು. ಗುಂಡು ಹೊರಗೆ ಹೋದ ಮೇಲೆ ಆಗುವ ಸದ್ದು ಇದು, ಇದಕ್ಕೆ ಸಪ್ರೆಸರ್ ಏನೂ ಮಾಡಲಾರದು. ಸಾಮಾನ್ಯ ಹವೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹೈ ವೆಲಾಸಿಟಿ .22 ಗುಂಡು ರೈಫಲ್ಲಿನಿಂದ 370ರ ಆಸುಪಾಸಿನಲ್ಲಿ ಹೊರಡುತ್ತದೆ, ಸಬ್‌ಸೋನಿಕ್ (ಶಬ್ದಕ್ಕಿಂತ ನಿಧಾನದ) ಗುಂಡು 320ರ ಆಸುಪಾಸು. ಅಂದರೆ ಎಷ್ಟೇ ದುಬಾರಿ ಸಪ್ರೆಸರ್ ಕೊಂಡರೂ ಗುಂಡು ತಪ್ಪು ಆರಿಸಿದರೆ ಆ ಚಟ್ ಸದ್ದು ಹೋಗುವುದಿಲ್ಲ. ಚಳಿ ಜಾಸ್ತಿ ಆದಷ್ಟೂ ಶಬ್ದದ ವೇಗ ಇಳಿಯುತ್ತದೆ, ಸೊನ್ನೆ ಡಿಗ್ರಿಯಲ್ಲಿ 331. ಬೇಸಿಗೆಯಲ್ಲಿ ಸುಮ್ನೆ ಹೋಗುತ್ತಿದ್ದ ಗುಂಡು ಹಿಮ ಬೀಳುವ ಊರಲ್ಲಿ ಜನವರಿಗೆ ಚಟಗುಟ್ಟುವುದು ಇದಕ್ಕೇ. ಎರಡೂ ಸದ್ದು ಹಿಡಿತಕ್ಕೆ ಬಂದರೂ 140 ಡೆಸಿಬೆಲ್ ಹತ್ತಿರ ಇದ್ದದ್ದು 115ರ ಆಸುಪಾಸಿಗೆ ಇಳಿಯುತ್ತದೆ. ಕಿವಿಗೆ ಅದು ದೊಡ್ಡ ಉಪಕಾರ. ಆದರೆ ಮೌನ ಅಲ್ಲ.

ಕಾನೂನಿನ ಮಾತು ಚಿಕ್ಕದಾಗಿ. ಅಮೆರಿಕದಲ್ಲಿ ಇದರ ಮೇಲಿದ್ದ 200 ಡಾಲರ್ ತೆರಿಗೆ 2026ರ ಜನವರಿಯಿಂದ ಸೊನ್ನೆಯಾಗಿದೆ, ಅರ್ಜಿ, ಬೆರಳಚ್ಚು, ಒಪ್ಪಿಗೆ ಎಲ್ಲ ಹಾಗೇ ಇವೆ. ನಮ್ಮವರು ಜಾಸ್ತಿ ಇರುವ ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿ ಇದು ನಿಷಿದ್ಧ. ಭಾರತದಲ್ಲಿ ಸಾಮಾನ್ಯ ಗನ್ ಲೈಸೆನ್ಸ್ ಇದಕ್ಕೆ ಸಾಲದು, ಇದು ನಿಷೇಧಿತ ವರ್ಗಕ್ಕೆ ಸೇರಿದ್ದು.

ಇನ್ನು 'ಹಗುರ' ಅನ್ನುವ ಪದ. ತೂಕದ ಅಂಕಿ ನೋಡಿ ಕೊಳ್ಳುವವರನ್ನು ಕಂಡರೆ ಬೇಸರವಾಗುತ್ತದೆ. ತೂಕ ಮುಖ್ಯವೇ, ಯಾಕೆಂದರೆ ಅದು ನಳಿಕೆಯ ತುತ್ತತುದಿಯಲ್ಲಿ ಕೂರುತ್ತದೆ, ಅಲ್ಲಿ 100 ಗ್ರಾಂ ಕೂಡ ಕೈಗೆ ಗೊತ್ತಾಗುತ್ತದೆ, ಪಿಸ್ತೂಲಿನಲ್ಲಂತೂ ಇನ್ನೂ ಜಾಸ್ತಿ. ಆದರೆ ರಿಮ್‌ಫೈರ್, ಅಂದರೆ .22ರಂತೆ ತಳದ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ಗುಂಡು, ತುಂಬಾ ಗಲೀಜು ಮಾಡುತ್ತದೆ. .22 ಲಾಂಗ್ ರೈಫಲ್ (ಸಾಮಾನ್ಯ .22) ಗುಂಡು ಹೆಚ್ಚಾಗಿ ಬರೀ ಸೀಸ, ಅದರ ಮೇಲೆ ದಪ್ಪ ತಾಮ್ರದ ಕವಚ ಇರುವುದಿಲ್ಲ. ಆ ಸೀಸ, ಮೇಣ, ಮಸಿ ಎಲ್ಲ ಬ್ಯಾಫಲ್‌ಗೆ ಮೆತ್ತಿಕೊಳ್ಳುತ್ತದೆ. ಬಿಚ್ಚಲು ಬಾರದ ಹಗುರ ಸಪ್ರೆಸರ್ ಒಂದೆರಡು ಸಾವಿರ ಗುಂಡು ಕಂಡ ಮೇಲೆ ಹಗುರವಾಗಿ ಉಳಿಯುವುದಿಲ್ಲ. ಹಾಗಾಗಿ ಮೊದಲು ಕೇಳಬೇಕಾದದ್ದು ಎಷ್ಟು ಗ್ರಾಂ ಅಂತಲ್ಲ, ಬಿಚ್ಚಿ ತೊಳೆಯಬಹುದಾ ಅಂತ.

ಅಲ್ಯೂಮಿನಿಯಂ ಅತಿ ಹಗುರ, ಘನ ಸೆಂಟಿಮೀಟರಿಗೆ 2.7 ಗ್ರಾಂ. ಟೈಟೇನಿಯಂ 4.5, ಉಕ್ಕು 7.8. ಬರೀ .22 ಲಾಂಗ್ ರೈಫಲ್ ಹೊಡೆಯುವವರಿಗೆ ಅಲ್ಯೂಮಿನಿಯಂ ಸಾಕು. ಅದಕ್ಕಿಂತ ಜೋರಾದ ರಿಮ್‌ಫೈರ್ ಗುಂಡುಗಳಾದ .22 ಮ್ಯಾಗ್ನಮ್ ಅಥವಾ .17 ಎಚ್‌ಎಮ್‌ಆರ್ ಕೂಡ ಹೊಡೆಯುವುದಾದರೆ ತಯಾರಕರು ಅದಕ್ಕೆ ಒಪ್ಪಿಗೆ ಕೊಟ್ಟಿದ್ದಾರಾ ನೋಡಲೇಬೇಕು. ನನ್ನನ್ನು ಕೇಳಿದರೆ ಟೈಟೇನಿಯಂ ಕೊಳವೆಗೆ ಉಕ್ಕಿನ ಬ್ಯಾಫಲ್ ಇರುವುದು ಒಳ್ಳೆಯದು. ಸ್ವಲ್ಪ ಭಾರ ಆದರೂ ಉಜ್ಜಿ ತೊಳೆಯಲು ಭಯ ಇಲ್ಲ. ಅಲ್ಯೂಮಿನಿಯಂ ಭಾಗಗಳನ್ನು ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ದ್ರವದಲ್ಲಿ ನೆನೆಸಿಡಿ ಅಂತ ಕೆಲವರು ಹೇಳಿಕೊಡುತ್ತಾರೆ. ಬೇಡ. ಲೋಹ ತಿಂದುಹೋಗುತ್ತದೆ, ಅಷ್ಟೇ ಅಲ್ಲ, ಸೀಸ ಕರಗಿ ಲೆಡ್ ಅಸಿಟೇಟ್ ಆಗುತ್ತದೆ. ಅದು ಚರ್ಮದ ಮೂಲಕವೂ ಮೈಗೆ ಸೇರುವ ವಿಷ, ಅಡುಗೆಮನೆಯ ಸಿಂಕಿಗೆ ಸುರಿಯುವ ವಸ್ತು ಅಲ್ಲವೇ ಅಲ್ಲ.