ಕೋಶದೊಳಗೆ ಕುಳಿತ ರೋಗಾಣುವನ್ನು ಟಿ ಕೋಶ ಹಿಡಿಯುವುದು ಹೇಗೆ?

ಮಕ್ಕಳಿಗೆ ಟಿಬಿ ಇರಬಹುದು ಅಂತ ಅನುಮಾನ ಬಂದರೆ ಹುಬ್ಬಳ್ಳಿ ದವಾಖಾನೆಗಳಲ್ಲಿ ಮುಂಗೈಗೆ ಒಂದು ಸಣ್ಣ ಸೂಜಿ ಮಾಡುತ್ತಾರೆ. ಎರಡು ಮೂರು ದಿನ ಬಿಟ್ಟು ಕರೆಸಿ, ಚುಚ್ಚಿದ ಜಾಗ ಗಟ್ಟಿಯಾಗಿ ಊದಿದೆಯಾ ನೋಡುತ್ತಾರೆ. ಅಷ್ಟು ತಡ ಯಾಕೆ? ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕೋಶಗಳಾದ ಟಿ ಕೋಶಗಳು ಅಲ್ಲಿ ಬಂದು ಸೇರಲು ಅಷ್ಟು ಹೊತ್ತು ಹಿಡಿಯುತ್ತದೆ.

1890ರಲ್ಲಿ ವಿಜ್ಞಾನಿಗಳಾದ ಬೆರಿಂಗ್ ಮತ್ತು ಕಿಟಸಾಟೊ ಸೀರಮ್ಮಿನ (ರಕ್ತದ ತಿಳಿಯ) ರೋಗ ತಡೆಯುವ ಶಕ್ತಿ ತೋರಿಸಿದ ಮೇಲೆ, ರೋಗ ತಡೆಯುವ ಗುಟ್ಟೆಲ್ಲ ಅದರಲ್ಲೇ ಇದೆ ಅನ್ನಿಸಿತ್ತು. ಆದರೆ ಸೀರಮ್ಮಿನಲ್ಲಿ ಕೆಲಸ ಮಾಡುವ ಪ್ರತಿಕಾಯ (ಆಂಟಿಬಾಡಿ) ಕೋಶದ ಹೊರಗೇ ನಿಲ್ಲುತ್ತದೆ, ಟಿಬಿ ರೋಗಾಣು ಒಳಗೆ ಕುಳಿತಿರುತ್ತದೆ. 1945ರಲ್ಲಿ ಮೆರಿಲ್ ಚೇಸ್ ಗಿನಿಯಿಲಿಗಳಲ್ಲಿ ಈ ಚರ್ಮದ ಊತವನ್ನು ಕೋಶಗಳ ಮೂಲಕವೇ ಒಂದರಿಂದ ಇನ್ನೊಂದಕ್ಕೆ ದಾಟಿಸಿದರು. 1960ರ ದಶಕದಲ್ಲಿ ಜಾರ್ಜ್ ಮೆಕನೆಸ್, ಕೋಶದೊಳಗೇ ಬದುಕುವ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವನ್ನು ಗೆದ್ದ ಇಲಿಯ ಗುಲ್ಮದ ಕೋಶಗಳನ್ನು ಬೇರೆ ಇಲಿಗೆ ಕೊಟ್ಟರು. ಅದಕ್ಕೂ ರಕ್ಷಣೆ ಸಿಕ್ಕಿತು. ಸೀರಮ್ಮಿನಿಂದ ಸಿಗಲಿಲ್ಲ.

ಒಳಗಿರುವುದು ಟಿ ಕೋಶಕ್ಕೆ ಗೊತ್ತಾಗುವುದಾದರೂ ಹೇಗೆ? ಇದಕ್ಕೆ ಉತ್ತರ ಬಂದದ್ದು ವೈರಸ್ ಅಧ್ಯಯನದಿಂದ. 1974ರಲ್ಲಿ ಆಸ್ಟ್ರೇಲಿಯಾದಲ್ಲಿ ಡೊಹರ್ಟಿ ಮತ್ತು ಜಿಂಕರ್ನಾಗೆಲ್ ತೋರಿಸಿದ್ದು ಇದು: ಸೋಂಕು ತಗುಲಿದ ಕೋಶವನ್ನು ಕೊಲ್ಲುವ ಟಿ ಕೋಶ ಪರಕೀಯ ಗುರುತನ್ನು ನಮ್ಮದೇ ಕೋಶದ ಗುರುತಿನ ಜೊತೆಗೇ ಓದುತ್ತದೆ. 1996ರಲ್ಲಿ ಅವರಿಗೆ ನೊಬೆಲ್ ಬಂತು. ಕೋಶ ನುಂಗಿದ ರೋಗಾಣು ಮೊದಲು ಒಂದು ಸಣ್ಣ ಚೀಲದಲ್ಲಿರುತ್ತದೆ. ಲಿಸ್ಟೀರಿಯಾ ತಾನಿರುವ ಚೀಲ ಒಡೆದು ಕೋಶದ ರಸಕ್ಕೆ ಬರುತ್ತದೆ. ಅದರ ಪ್ರೋಟೀನ್ ಚೂರುಗಳು ಕೋಶದ ಮೇಲ್ಮೈಗೆ ಬಂದು ಸಿಕ್ಕಿಬೀಳುತ್ತವೆ. ಟಿಬಿ ರೋಗಾಣು ಜಾಸ್ತಿ ಜಾಣ: ಚೀಲದಲ್ಲೇ ಕೂತು, ಅದರಲ್ಲಿ ಆಮ್ಲ ಸೇರದ ಹಾಗೆ ನೋಡಿಕೊಳ್ಳುತ್ತದೆ.

ಕಂಡುಹಿಡಿದ ಮೇಲೆ ಟಿ ಕೋಶ ಪರ್ಫೊರಿನ್ ಎಂಬ ಪ್ರೋಟೀನಿನಿಂದ ಸೋಂಕಿತ ಕೋಶಕ್ಕೆ ರಂಧ್ರ ಕೊರೆದು, ಕೋಶವನ್ನು ಸಾಯಿಸುವ ಗ್ರಾಂಜೈಮ್ ಎಂಬ ಕಿಣ್ವವನ್ನು ನುಗ್ಗಿಸುತ್ತದೆ. ಆ ಸೋಂಕಿತ ಕೋಶ ಸಾಯುತ್ತದೆ. ಆದರೆ ಒಳಗಿನ ರೋಗಾಣು? ಅದು ಸುಮ್ನೆ ಹೊರಗೆ ಬಿದ್ದರೆ ಏನು ಲಾಭ, ಅಲ್ವಾ? 1998ರಲ್ಲಿ ಗ್ರಾನುಲೈಸಿನ್ ಎಂಬ ಪ್ರೋಟೀನ್ ಟಿಬಿ ರೋಗಾಣುವನ್ನೇ ಕೊಲ್ಲಬಲ್ಲದು ಎಂದು ಗೊತ್ತಾಯಿತು. 2014ರ ಪ್ರಯೋಗಗಳಲ್ಲಿ ಅದು ಗ್ರಾಂಜೈಮನ್ನು ಬ್ಯಾಕ್ಟೀರಿಯಾದೊಳಗೆ ದಾಟಿಸುವುದೂ ಕಂಡಿತು. ಮಜಾ ಅಂದರೆ, ಇಲಿಗಳಿಗೆ ಗ್ರಾನುಲೈಸಿನ್ ಇಲ್ಲವೇ ಇಲ್ಲ. ಮೆಕನೆಸ್ ಅವರ ಇಲಿಯಲ್ಲಿ ಇದು ಸಿಗುವ ಮಾತೇ ಇರಲಿಲ್ಲ.

ಆದರೂ ಕೊಲ್ಲುವ ಟಿ ಕೋಶಕ್ಕೆ ನಾವು ಕೊಡುವ ಕೀರ್ತಿ ಸ್ವಲ್ಪ ಜಾಸ್ತಿಯೇ ಅನ್ನಿಸುತ್ತದೆ. ಟಿಬಿಯಲ್ಲಿ ದೊಡ್ಡ ಭಾರ ಹೊರುವುದು ಬೇರೆ ಕೋಶಗಳನ್ನು ಹುರಿದುಂಬಿಸುವ ಸಹಾಯಕ ಟಿ ಕೋಶ. ಅದು ಕಳಿಸುವ ಗಾಮಾ ಇಂಟರ್‌ಫೆರಾನ್ ಎಂಬ ಸಂದೇಶದ ಪ್ರೋಟೀನಿನ ನೆರವಿನಿಂದ ಮ್ಯಾಕ್ರೊಫೇಜ್ (ರೋಗಾಣು ನುಂಗುವ ಬಿಳಿ ಕೋಶ) ತನ್ನೊಳಗಿನ ಟಿಬಿ ರೋಗಾಣುವನ್ನು ಹತೋಟಿಗೆ ತರುತ್ತದೆ. ಎಚ್‌ಐವಿ ಹಾಳುಮಾಡುವುದು ಇದೇ ಸಹಾಯಕ ಕೋಶಗಳನ್ನು. ಹಾಗಾಗಿ ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರಕ್ಕೆ ಬಂದವರನ್ನು ಪ್ರತಿ ಸಲವೂ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು (ಟಿಬಿಯ ಲಕ್ಷಣಗಳು) ಇದೆಯಾ ಎಂದು ಕೇಳುತ್ತಾರೆ.