ಅಪ್ಪ ಅರ್ಧ ಗಂಟೆಗೇ ತೆಗೆದಿಡದಂಥ ಹೆಡ್‌ಫೋನ್ ಯಾವುದು?

ಪ್ರಶ್ನೆ: ನಮ್ಮ ತಂದೆಗೆ ಎಪ್ಪತ್ತು ತುಂಬುತ್ತಿದೆ. ರಾತ್ರಿ ಹೊತ್ತು ಹಾಡು ಕೇಳುತ್ತಾರೆ, ಟಿವಿಯನ್ನೂ ನೋಡುತ್ತಾರೆ. ಮಲಗಿದವರಿಗೆ ತೊಂದರೆಯಾಗದ ಹಾಗೆ, ಕಿವಿ ಪೂರ್ತಿ ಮುಚ್ಚುವ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನ್ ಉಡುಗೊರೆಯಾಗಿ ಕೊಡೋಣ ಅಂತಿದ್ದೇನೆ. ಕನ್ನಡಕ ಹಾಕುತ್ತಾರೆ. ಸೌಂಡ್ ಸಾಧಾರಣವಾಗಿದ್ದರೂ ನಡೆಯುತ್ತೆ, ಹಾಕಿಕೊಂಡರೆ ಹಾಯಾಗಿರಬೇಕು. ಏನೇನು ನೋಡಿ ಕೊಳ್ಳಬೇಕು?

ಉತ್ತರ: ಹಾಯಾಗಿರಬೇಕು ಅಂತ ನೀವು ಮೊದಲೇ ತೀರ್ಮಾನಿಸಿದ್ದೀರಲ್ಲ, ಅರ್ಧ ಕೆಲಸ ಮುಗಿಯಿತು. ನನಗೆ ಅಷ್ಟು ಬುದ್ಧಿ ಬರಲು ಒಂದು ಹೆಡ್‌ಫೋನ್ ದಂಡವಾಗಬೇಕಾಯಿತು. ಅಮ್ಮನಿಗೆಂದು ವಾರಗಟ್ಟಲೆ ವಿಮರ್ಶೆ ಓದಿ, ನನ್ನ ಕಿವಿಗೆ ಹಿಡಿಸಿದ್ದನ್ನು ಕೊಂಡು ಹೋಗಿದ್ದೆ. 'ತುಂಬಾ ಚೆನ್ನಾಗಿದೆ ಕಣೋ' ಅಂದರು. ಹದಿನೈದು ದಿನ ಬಿಟ್ಟು ಹೋದಾಗ ಅದು ಡಬ್ಬಿಯೊಳಗೆ, ಬಂದಾಗ ಹೇಗಿತ್ತೋ ಹಾಗೇ ಮಲಗಿತ್ತು. ಕೆದಕಿ ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟರು: ಕನ್ನಡಕದ ಕಡ್ಡಿ ಒತ್ತುತ್ತದೆ, ಕಿವಿ ಬೆವರುತ್ತದೆ, ಮಾತಾಡಿದರೆ ತಮ್ಮ ದನಿ ತಮಗೇ ಕೊಡದೊಳಗಿಂದ ಬಂದ ಹಾಗಿರುತ್ತದೆ. ಮಕ್ಕಳು ಕೊಟ್ಟದ್ದರ ಮೇಲೆ ಹೆತ್ತವರು ದೂರು ಹೇಳುವುದಿಲ್ಲ, ಸುಮ್ಮನೆ ಎತ್ತಿಡುತ್ತಾರೆ. ಹಾಗಾಗಿ ಅವರ 'ಚೆನ್ನಾಗಿದೆ'ಯನ್ನು ನಂಬಬೇಡಿ. ಕೊಳ್ಳುವ ಮುಂಚೆ ಅವರ ತಲೆ, ಕಿವಿ, ಕೂರುವ ಜಾಗ ಇಷ್ಟನ್ನು ಸದ್ದಿಲ್ಲದೆ ಗಮನಿಸಿ.

ಮೊದಲು ಕ್ಲೋಸ್ಡ್ ಬ್ಯಾಕ್ ವಿಷಯ. ಓಪನ್ ಬ್ಯಾಕ್ ಹೆಡ್‌ಫೋನಿನ ಹೊರಬದಿಯಲ್ಲಿ ಜಾಲರಿ ಇರುತ್ತದೆ. ಗಾಳಿಯೂ ಶಬ್ದವೂ ಅದರ ಮೂಲಕ ಓಡಾಡುತ್ತವೆ. ಕಿವಿಗೆ ಹಗುರ, ಆದರೆ ಪಕ್ಕದಲ್ಲಿ ಮಲಗಿದವರಿಗೂ ಹಾಡು ಕೇಳುತ್ತದೆ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಆ ಬದಿ ಪೂರ್ತಿ ಮುಚ್ಚಿರುತ್ತದೆ, ಶಬ್ದ ಒಳಗೇ ಉಳಿಯುತ್ತದೆ. ನಿಮ್ಮ ಉದ್ದೇಶಕ್ಕೆ ಇದೇ ಸರಿ. ಆದರೆ ಶಬ್ದದ ಜೊತೆಗೆ ಸೆಕೆಯೂ ಒಳಗೇ ಉಳಿಯುತ್ತದೆ, ಅವರದೇ ದನಿಯೂ ಉಳಿಯುತ್ತದೆ. ಎರಡೂ ಕಿವಿಗೆ ಬೆರಳಿಟ್ಟುಕೊಂಡು ನಾಲ್ಕು ಮಾತಾಡಿ ನೋಡಿ, ಅಮ್ಮ ಹೇಳಿದ 'ಕೊಡದೊಳಗಿನ ದನಿ' ಏನೆಂದು ತಿಳಿಯುತ್ತದೆ. ನಾವು ಮಾತಾಡುವಾಗ, ಅಗಿಯುವಾಗ ತಲೆಬುರುಡೆಯ ಕಂಪನ ಕಿವಿಯ ನಾಳಕ್ಕೂ ಬರುತ್ತದೆ. ಕಿವಿ ತೆರೆದಿದ್ದರೆ ಅದರ ಗಡಸು ಭಾಗ ಹೊರಗೆ ಹೋಗಿಬಿಡುತ್ತದೆ, ಮುಚ್ಚಿದರೆ ಒಳಗೇ ಗುಂಯ್‌ಗುಡುತ್ತದೆ. ಕಿವಿಯನ್ನು ಮುಚ್ಚುವ ಬಟ್ಟಲು ಆಳವಾಗಿ, ವಿಶಾಲವಾಗಿ ಇದ್ದಷ್ಟೂ ಈ ಕಿರಿಕಿರಿ ಕಡಿಮೆ. ಕಿವಿಯ ಮೇಲೆ ಬಿಲ್ಲೆಯ ಹಾಗೆ ಕೂರುವ ಆನ್ ಇಯರ್ ಮಾದರಿಗಳನ್ನು ನಾನಂತೂ ಈ ವಯಸ್ಸಿನವರಿಗೆ ಹೇಳುವುದೇ ಇಲ್ಲ. ಕಿವಿಯ ಎಲುಬಿನಂಥ ಅಂಚನ್ನು ಅವು ಕನ್ನಡಕದ ಕಡ್ಡಿಗೇ ಒತ್ತಿ ಹಿಡಿಯುತ್ತವೆ.

ಬಟ್ಟಲು ಎಷ್ಟು ವಿಶಾಲವಾಗಿರಬೇಕು? ಇಲ್ಲೊಂದು ತಮಾಷೆಯ ಸಂಗತಿ ಇದೆ. ವಯಸ್ಸಾದವರ ಕಿವಿ ದೊಡ್ಡದಾಗಿ ಕಾಣುವುದು ಬರೀ ಭ್ರಮೆಯಲ್ಲ. ಬ್ರಿಟನ್ನಿನ ವೈದ್ಯ ಜೇಮ್ಸ್ ಹೀತ್‌ಕೋಟ್ ಮತ್ತು ಅವರ ಜೊತೆಗಾರರು 206 ಜನರ ಕಿವಿ ಅಳೆದು 1995ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಕಿವಿಯ ಉದ್ದ ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಹೆಚ್ಚುತ್ತದೆ. ಐವತ್ತು ವರ್ಷಕ್ಕೆ ಒಂದು ಸೆಂಟಿಮೀಟರಿಗೂ ತುಸು ಜಾಸ್ತಿ. ಅಂದಮೇಲೆ ಅಂಗಡಿಯಲ್ಲಿ ನಿಮ್ಮ ಕಿವಿಗೆ ಹಾಕಿ ನೋಡಿ 'ಜಾಗ ಸಾಕು' ಅಂದುಕೊಂಡರೆ ಮೋಸಹೋಗುತ್ತೀರಿ. ಬಟ್ಟಲಿನ ಅಂಚಿಗಿರುವ ಮೆತ್ತೆಯ, ಅಂದರೆ ಪ್ಯಾಡಿನ, ಒಳಗಿನ ತೆರಪು ದುಂಡಗಿರುವುದಕ್ಕಿಂತ ಮೊಟ್ಟೆಯಾಕಾರದಲ್ಲಿದ್ದರೆ ಉದ್ದ ಕಿವಿ ಮಡಚಿಕೊಳ್ಳದೆ ಕೂರುತ್ತದೆ. ಆಳವನ್ನೂ ಬೆರಳಿಟ್ಟು ನೋಡಿ. ಕಿವಿಯ ತುದಿ ಒಳಗಿನ ಗಟ್ಟಿ ಜಾಲರಿಗೆ ತಾಗುತ್ತಿದ್ದರೆ ಹತ್ತು ನಿಮಿಷದಲ್ಲಿ ನೋವು ಶುರು. ಅಪ್ಪ ನಿದ್ದೆ ಹೋದಾಗ ಸ್ಕೇಲ್ ಹಿಡಿದು ಕಿವಿ ಅಳೆಯಿರಿ ಅಂತ ಹೇಳುತ್ತಿಲ್ಲ. ಅಳೆದರೆ ತಪ್ಪೂ ಇಲ್ಲ.

ಇನ್ನು ತೂಕ. ಸೋನಿ ಡಬ್ಲ್ಯುಎಚ್-1000ಎಕ್ಸ್ಎಂ4 ಸುಮಾರು 254 ಗ್ರಾಂ, ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ಸುಮಾರು 270 ಗ್ರಾಂ, ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385 ಗ್ರಾಂ. ಕೈಯಲ್ಲಿ ಹಿಡಿದರೆ ಈ ನೂರು ಚಿಲ್ಲರೆ ಗ್ರಾಮಿನ ವ್ಯತ್ಯಾಸ ಏನೂ ಅನ್ನಿಸುವುದಿಲ್ಲ, ಕತ್ತಿನ ಮೇಲೆ ಒಂದು ಗಂಟೆ ಕೂತಾಗ ಅನ್ನಿಸುತ್ತದೆ. ನನ್ನ ಕೈಗಣಿತ ಇಷ್ಟು: 250ರ ಆಸುಪಾಸು ನಿರಾಳ, 300 ದಾಟಿದರೆ ಯೋಚಿಸಿ, ಕತ್ತುನೋವು ಮೊದಲೇ ಇದ್ದರೆ ಯೋಚಿಸುವುದೂ ಬೇಡ. ನೆತ್ತಿಯ ಮೇಲಿನ ಪಟ್ಟಿಯನ್ನು ಒತ್ತಿ ನೋಡಿ. ಕೂದಲು ದಟ್ಟವಾಗಿರುವ ಹುಡುಗರಿಗೆ ಗೊತ್ತೇ ಆಗದ ಗಟ್ಟಿ ಪಟ್ಟಿ ಬೋಳುನೆತ್ತಿಗೆ ಚೆನ್ನಾಗಿ ಗೊತ್ತಾಗುತ್ತದೆ.

ತೂಕಕ್ಕಿಂತ ಹೆಚ್ಚು ಕಾಡುವುದು ಬಿಗಿ. ಎರಡು ಬದಿಯಿಂದ ತಲೆಯನ್ನು ಅಮುಕಿ ಹಿಡಿಯದಿದ್ದರೆ ಹೆಡ್‌ಫೋನ್ ನಿಲ್ಲುವುದಿಲ್ಲ, ಅತಿಯಾಗಿ ಅಮುಕಿದರೆ ಕನ್ನಡಕದ ಕಡ್ಡಿ ಕಿವಿಯ ಮೇಲ್ಭಾಗದ ಚರ್ಮಕ್ಕೆ ಒತ್ತಿಕೊಳ್ಳುತ್ತದೆ. ಕನ್ನಡಕದಿಂದ ಇನ್ನೊಂದು ತೊಂದರೆಯೂ ಇದೆ. ಕಡ್ಡಿ ಹಾದುಹೋಗುವಲ್ಲಿ ಪ್ಯಾಡ್ ಚರ್ಮಕ್ಕೆ ಅಂಟದೆ ಸಣ್ಣ ಸಂದು ಉಳಿಯುತ್ತದೆ. ಬೇಸ್, ಅಂದರೆ ತಗ್ಗಿನ ಗುಂಯ್‌ ದನಿ, ಅಲ್ಲಿಂದ ಸೋರಿಹೋಗುತ್ತದೆ, ಹೊರಗಿನ ಗಲಾಟೆ ಒಳಗೆ ಬರುತ್ತದೆ, ಅವರು ವಾಲ್ಯೂಮ್ ಏರಿಸುತ್ತಾರೆ. ಮೆತ್ತಗಿನ, ದಪ್ಪನೆಯ ಪ್ಯಾಡ್ ಕಡ್ಡಿಯ ಸುತ್ತ ತಗ್ಗಿಕೊಂಡು ಈ ಸಂದನ್ನು ಬಹಳಮಟ್ಟಿಗೆ ಮುಚ್ಚುತ್ತದೆ. ಕನ್ನಡಕದ ಕಡ್ಡಿ ತೆಳ್ಳಗಿದ್ದರೆ ಇನ್ನೂ ಒಳ್ಳೆಯದು. ಹೊಸ ಹೆಡ್‌ಫೋನ್ ಬಿಗಿ ಅನ್ನಿಸಿದರೆ, ಒಳಗೆ ಉಕ್ಕಿನ ಪಟ್ಟಿ ಇರುವಂಥದ್ದನ್ನು ತಲೆಗಿಂತ ಸ್ವಲ್ಪವೇ ಅಗಲವಾದ ಪುಸ್ತಕದ ಅಟ್ಟಿಗೆ ರಾತ್ರಿಯಿಡೀ ಸಿಕ್ಕಿಸಿಟ್ಟರೆ ಸಡಿಲವಾಗುತ್ತದೆ. ಬರೀ ಪ್ಲಾಸ್ಟಿಕ್‌ನದಾದರೆ ಈ ಪ್ರಯೋಗ ಬೇಡ, ಮುರಿಯುತ್ತದೆ.

ಪ್ಯಾಡಿನ ಬಟ್ಟೆಯಲ್ಲಿ ಎರಡು ಜಾತಿ. ಕೃತಕ ಚರ್ಮದ್ದು ಶಬ್ದವನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಬೆವರಿಸುತ್ತದೆ, ವರ್ಷಗಳು ಕಳೆದಂತೆ ಕರಿ ಹೊಟ್ಟಿನ ಹಾಗೆ ಉದುರಿ ಕೆನ್ನೆಗೆ ಅಂಟುತ್ತದೆ. ಮಖಮಲ್ಲಿನದು ಉಸಿರಾಡುತ್ತದೆ, ಶಬ್ದವನ್ನು ತುಸು ಬಿಟ್ಟುಕೊಡುತ್ತದೆ. ಮೇಲೆ ಹೇಳಿದ ಡಿಟಿ 770 ಪ್ರೊ ಸಾಮಾನ್ಯವಾಗಿ ಮಖಮಲ್ಲಿನ ಪ್ಯಾಡಿನ ಜೊತೆ ಬರುವ ಕ್ಲೋಸ್ಡ್ ಬ್ಯಾಕ್. ಹಾಡು ಕೇಳುವ ಹಿರಿಯರಿಗೆ ನಾನು ಮೊದಲು ತೋರಿಸುವುದು ಅದನ್ನೇ, ದುಂಡನೆ ಪ್ಯಾಡಿನೊಳಗೆ ಕಿವಿ ಹಿಡಿದರೆ ಮಾತ್ರ. ಯಾವುದೇ ತಗೊಳ್ಳಿ, ಪ್ಯಾಡ್ ಬಿಚ್ಚಿ ಹೊಸದು ಹಾಕಲು ಬರುವಂತಿರಲಿ.

ಸೌಂಡ್ ಸಾಧಾರಣವಾಗಿದ್ದರೂ ನಡೆಯುತ್ತೆ ಅಂದಿರಿ, ಹಾಗಂತ ಅದನ್ನು ಪೂರ್ತಿ ಮರೆಯಬೇಡಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀಚು ದನಿಗಳನ್ನು. ಸ, ಶ, ಫ ಇಂಥ ವ್ಯಂಜನಗಳ ಗುರುತು ಇರುವುದೇ ಆ ಮೇಲಿನ ಭಾಗದಲ್ಲಿ. 'ಕೇಳಿಸುತ್ತೆ, ಏನಂದರು ಅಂತ ತಿಳಿಯಲ್ಲ' ಅನ್ನುವ ಮಾತು ಹುಟ್ಟುವುದು ಇಲ್ಲಿಂದ. ಇಂಥವರಿಗೆ ಗುಡುಗಿನ ಹಾಗೆ ಬೇಸ್ ತುಂಬಿದ ಹೆಡ್‌ಫೋನ್ ಕೊಟ್ಟರೆ, ಆ ಬೇಸ್ ಉಳಿದ ದನಿಯನ್ನೂ ನುಂಗಿಹಾಕುತ್ತದೆ. ಕೊಳ್ಳುವಾಗ ಹಾಡು ಹಾಕಿ ನೋಡುವ ಬದಲು ಸುದ್ದಿ ಓದುವವರ ದನಿ ಹಾಕಿ ನೋಡಿ. ಒಂದು ಕಿವಿ ಮಂದವಾಗಿದ್ದರೆ ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಮೋನೋ ಆಡಿಯೋ ಮಾಡಿಕೊಡಿ, ಎಡ ಬಲಗಳಿಗೆ ಹಂಚಿಹೋಗಿದ್ದ ವಾದ್ಯಗಳೆಲ್ಲ ಒಳ್ಳೆಯ ಕಿವಿಗೂ ಬರುತ್ತವೆ. ವಾಲ್ಯೂಮಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಳತೆ ಇದೆ: ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. 90ಕ್ಕೆ ಏರಿದರೆ ಅದು 4 ಗಂಟೆಗೆ ಇಳಿಯುತ್ತದೆ. ವಾಲ್ಯೂಮ್ ಏರಿಸುತ್ತಲೇ ಹೋಗುತ್ತಿದ್ದರೆ ಅವರಿಗೆ ಬೇಕಿರುವುದು ಹೆಡ್‌ಫೋನಲ್ಲ, ಕಿವಿಯ ಪರೀಕ್ಷೆ. ಈಗಾಗಲೇ ಹಿಯರಿಂಗ್ ಏಡ್ ಹಾಕುತ್ತಿದ್ದರೆ ಮೊದಲು ಅದಕ್ಕೇ ಬ್ಲೂಟೂತ್ ಇದೆಯಾ ನೋಡಿ. ಇದ್ದರೆ ಹಾಡು ನೇರ ಅದರೊಳಗೇ ಬರಬಹುದು. ಇಲ್ಲದಿದ್ದರೆ ಕಿವಿಯ ಹಿಂದಿನ ಯಂತ್ರಕ್ಕೆ ತಾಗದಷ್ಟು ದೊಡ್ಡ ಬಟ್ಟಲೇ ಬೇಕು, ತಾಗಿದರೆ ಕುಂಯ್ ಅನ್ನುತ್ತದೆ.

ವೈರ್ ಬೇಕೋ ಬೇಡವೋ? ಹಾಡಿಗೆ, ಖುರ್ಚಿಯ ಪಕ್ಕದಲ್ಲೇ ಫೋನಿದ್ದರೆ, ನನ್ನ ಮತ ವೈರಿಗೆ. ಚಾರ್ಜ್ ಗೊಡವೆಯಿಲ್ಲ, 'ಕನೆಕ್ಟ್ ಆಗ್ತಿಲ್ಲ' ಅಂತ ರಾತ್ರಿ ಹತ್ತಕ್ಕೆ ನಿಮಗೆ ಫೋನ್ ಬರುವುದಿಲ್ಲ. ಎರಡು ಎಚ್ಚರಿಕೆ ಮಾತ್ರ. ಫೋನಿಗೆ ಜ್ಯಾಕ್ ಇದೆಯಾ ನೋಡಿಕೊಳ್ಳಿ. ಒಂದೇ ಮಾದರಿಯಲ್ಲಿ 32, 80, 250 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಎಂದು ಬೇರೆಬೇರೆ ಸಿಗುವುದುಂಟು. ಅದರಲ್ಲಿ 250ರದ್ದು ಫೋನಿನಿಂದ ಸಾಕಷ್ಟು ಜೋರಾಗಿ ಕೇಳುವುದಿಲ್ಲ, ಅದು ಆಂಪ್ಲಿಫೈಯರ್ ಇಟ್ಟುಕೊಂಡವರಿಗೆ.

ಟಿವಿಯದು ಬೇರೆ ಕಥೆ. ನೆಲದ ಮೇಲೆ ಅಡ್ಡ ಬಿದ್ದ ಮೂರು ಮೀಟರ್ ವೈರ್ ಎಂದರೆ ರಾತ್ರಿ ಬಾತ್‌ರೂಮಿಗೆ ಎದ್ದ ಹಿರಿಯರ ಕಾಲಿಗೆ ಹಾಕಿದ ಕುಣಿಕೆ. ಸಾಮಾನ್ಯ ಬ್ಲೂಟೂತಿನಲ್ಲಿ ತುಟಿ ಮೊದಲು ಆಡಿ ಮಾತು ಆಮೇಲೆ ಬರುವುದುಂಟು. ತುಟಿ ನೋಡಿ ಮಾತು ಹಿಡಿಯುವ ಮಂದಗಿವಿಯವರಿಗೆ ಇದು ದೊಡ್ಡ ತಲೆನೋವು. ಇದಕ್ಕೆಂದೇ ಟಿವಿ ಪಕ್ಕದಲ್ಲಿಡುವ ಪೀಠದ ಜೊತೆ ಬರುವ ರೇಡಿಯೋ ಹೆಡ್‌ಫೋನುಗಳಿವೆ. ಸೆನ್‌ಹೈಸರ್‌ನ ಆರ್‌ಎಸ್ 175 ಅಂಥದ್ದು, ಅದೂ ಕ್ಲೋಸ್ಡ್ ಬ್ಯಾಕ್. ನೋಡಿ ಮುಗಿದ ಮೇಲೆ ಪೀಠದ ಮೇಲಿಟ್ಟರೆ ತಾನೇ ಚಾರ್ಜ್ ಆಗುತ್ತದೆ, ಪಿನ್ ಹುಡುಕುವ ಕೆಲಸವಿಲ್ಲ. ಹಾಂ, ಕೆಲವು ಟಿವಿಗಳಲ್ಲಿ ಹೆಡ್‌ಫೋನ್ ಜ್ಯಾಕ್ ಸಿಕ್ಕಿಸಿದ ಕೂಡಲೇ ಟಿವಿಯ ದನಿ ಬಂದ್ ಆಗುತ್ತದೆ. ಅಮ್ಮನೂ ಜೊತೆಗೆ ಕೂತು ನೋಡುವವರಾದರೆ ಇದನ್ನು ಮೊದಲೇ ಪರೀಕ್ಷಿಸಿ.

ಗುಂಡಿಗಳು ಬೆರಳಿಗೆ ಉಬ್ಬಾಗಿ ಸಿಗಬೇಕು. ಬಟ್ಟಲನ್ನು ಸವರಿದರೆ ಹಾಡು ಬದಲಾಗುವ ಟಚ್ ಮಾದರಿಗಳು ಕನ್ನಡಕ ಸರಿಮಾಡಿಕೊಳ್ಳಲು ಹೋದಾಗಲೂ ಹಾಡು ಬದಲಾಯಿಸುತ್ತವೆ. ಬಲ ಎಡ ಎಂದು ಬರೆದಿರುವ ಅಕ್ಷರ ಇರುವೆಗಾತ್ರ. ಬಲಬದಿಗೆ ಒಂದು ಚುಕ್ಕೆ ಉಗುರುಬಣ್ಣ ಹಚ್ಚಿ ಕೊಡಿ.

ಕೊಟ್ಟ ದಿನ 'ಹೇಗಿದೆ' ಅಂತ ಕೇಳಬೇಡಿ. ಜೋಡಿಸಿ, ಅವರಿಷ್ಟದ ಹಾಡು ಹಾಕಿ, ನಲವತ್ತು ನಿಮಿಷ ಬೇರೆ ಕೆಲಸ ಮಾಡುತ್ತಾ ಅವರ ಕೈಗಳನ್ನು ಗಮನಿಸಿ. ಮತ್ತೆ ಮತ್ತೆ ಪ್ಯಾಡ್ ಎತ್ತಿ ಗಾಳಿಯಾಡಿಸಿಕೊಂಡರೆ, ಕನ್ನಡಕ ತೆಗೆದು ಪಕ್ಕಕ್ಕಿಟ್ಟರೆ ಅದು ಅವರಿಗಲ್ಲ, ಬದಲಾಯಿಸಿ. ಹಿಂತಿರುಗಿಸುವ ಗಡುವು ಎಷ್ಟು ದಿನ ಅಂತ ಕೊಳ್ಳುವಾಗಲೇ ಕೇಳಿಟ್ಟುಕೊಂಡಿರಿ. ಸರಿಹೋಯಿತೆಂದರೆ ಅವರು ಕೂರುವ ಜಾಗದ ಪಕ್ಕದ ಗೋಡೆಗೆ ಒಂದು ಕೊಕ್ಕೆ ಹೊಡೆದು ಅಲ್ಲಿ ನೇತುಹಾಕಿ. ಡಬ್ಬಿಯನ್ನು ಮಾತ್ರ ನಿಮ್ಮ ಜೊತೆಗೇ ತಗೊಂಡು ಹೋಗಿ. ಅಲ್ಲೇ ಬಿಟ್ಟರೆ ಹೆಡ್‌ಫೋನ್ ಅದರೊಳಕ್ಕೆ ವಾಪಸ್ ಹೋಗುತ್ತದೆ.