ನಮ್ಮದೇ ಸ್ಟೆಮ್ ಸೆಲ್‌ಗೆ ಪರವಾನಿಗಿ ಯಾಕ ಬೇಕ್ರಿ?

ಪ್ರಶ್ನೆ: ಮಗನಿಗೆ ಆಟಿಸಂ ಅದ. ಅವನ ಸೊಂಟದ ಎಲುಬಿನಾಗಿಂದ ಮಜ್ಜಿ ತಗದು, ಸ್ಟೆಮ್ ಸೆಲ್ ಬೆನ್ನಿಗೆ ಹಾಕ್ತೀವಿ ಅಂತಾರ. ಅವನದೇ ಸೆಲ್ಲು, ಸರ್ಕಾರದ ಪರವಾನಿಗಿ ಬೇಕಾಗಿಲ್ಲಂತ. ಖರೇನೇನ್ರಿ? (ಕಲಬುರಗಿ)

ಉತ್ತರ: ಖರೆ ಅಲ್ಲ. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ. ಆಳಂದದಿಂದ ಬಸವಕಲ್ಯಾಣದ ತನಕ ಇದೇ ಪ್ರಶ್ನೆ. ರೋಗದ ಹೆಸರಷ್ಟೇ ಬದಲು, ಒಮ್ಮೆ ಮೊಣಕಾಲು, ಒಮ್ಮೆ ಪಾರ್ಶ್ವವಾಯು.

"ನಮ್ಮದೇ ಸೆಲ್" ಎಂಬುದು ಕಾನೂನಿನಲ್ಲಿ ವಿನಾಯಿತಿಯೇ ಅಲ್ಲ. ತೆಗೆದ ಮೇಲೆ ಅದಕ್ಕೆ ಏನು ಮಾಡಿದರು, ಯಾತಕ್ಕೆ ಹಾಕಿದರು ಎಂಬುದು ಮುಖ್ಯ. ಸೆಲ್‌ಗಾಗಿ ತೆಗೆದ ಕೊಬ್ಬನ್ನು ಕಿಣ್ವ (ಎಂಜೈಮ್) ಹಾಕಿ ಕರಗಿಸಿದರೆ, ಸೆಲ್‌ಗಳನ್ನು ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಿದರೆ ಅದು ಹೊಸ ಔಷಧ. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳಡಿ ಕೇಂದ್ರ ಔಷಧ ನಿಯಂತ್ರಕರ ಅನುಮತಿ ಬೇಕು. ಬರೀ ತೊಳೆದು, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ಹಾಕುತ್ತೇವೆಂದರೂ ದಾರಿ ತೆರೆಯುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಚಿಕಿತ್ಸೆಯೆಂದು ಒಪ್ಪಿದ್ದು ಮುಖ್ಯವಾಗಿ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯನ್ನು. ಮಿಕ್ಕಿದ್ದೆಲ್ಲ ಆ ಮಾರ್ಗಸೂಚಿಯ ಪ್ರಕಾರ ಪ್ರಯೋಗ. ಆಟಿಸಂಗೆ ಇದನ್ನು ಸೂಚಿಸುವಂತಿಲ್ಲ, ಜಾಹೀರಾತು ಕೊಟ್ಟರೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತಾ ಮಂಡಳಿ 2022ರಲ್ಲೇ ಹೇಳಿದೆ.

"ನಮ್ಮದೇ ಆದ್ದರಿಂದ ಅಪಾಯವಿಲ್ಲ" ಎಂಬುದಕ್ಕೆ ಅಮೆರಿಕದ ಫ್ಲೋರಿಡಾ ನೋಡಿ. 2015ರಲ್ಲಿ ಮೂವರು ಮಹಿಳೆಯರ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಅವರವರ ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿದರು. ಮೂವರ ದೃಷ್ಟಿಯೂ ಬಹುಪಾಲು ಹೋಯಿತು. ಕೋಶ ಅವರವೇ, ದುಡ್ಡೂ ಅವರದೇ.

ಹೈದರಾಬಾದಿಗೋ ಸೊಲ್ಲಾಪುರಕ್ಕೋ ಫೈಲ್ ಹಿಡಿದು ಹೊರಡುವ ಮುನ್ನ ಫೋನಿನಲ್ಲೇ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನಂಬರ್ ಕೇಳಿ, ಅದರ ವೆಬ್‌ಸೈಟ್‌ನಲ್ಲಿ ಹುಡುಕಿ. ರೋಗ, ಆಸ್ಪತ್ರೆ, ಡಾಕ್ಟರ ಹೆಸರು ತಾಳೆಯಾಗಬೇಕು. ನಂಬರ್ ಬರೀ ನೋಂದಣಿ, ಅನುಮತಿಯಲ್ಲ. ಎಥಿಕ್ಸ್ ಕಮಿಟಿ (ಪ್ರಯೋಗದ ನೈತಿಕತೆ ನೋಡುವ ಸಮಿತಿ) ಮತ್ತು ಔಷಧ ನಿಯಂತ್ರಕರ ಅನುಮತಿ ಪತ್ರವನ್ನೂ ತೋರಿಸಲಿ. ನೀವು ಸಹಿ ಹಾಕುವ ಒಪ್ಪಿಗೆ ಪತ್ರ ನಿಮಗೆ ಗೊತ್ತಿರುವ ಭಾಷೆಯಲ್ಲಿರಬೇಕು, ಪ್ರತಿ ನಿಮ್ಮ ಕೈಗೆ ಬರಬೇಕು. ಪ್ರಯೋಗದ ಇಂಜೆಕ್ಷನ್‌ಗೆ ಪ್ಯಾಕೇಜ್ ರೇಟ್ ಹೇಳಿದರೆ ಅಲ್ಲಿಗೇ ಫೋನ್ ಇಡಿ.

ಇದೇ ಹುಸಿನಂಬಿಕೆ ಹೆರಿಗೆ ಆಸ್ಪತ್ರೆಯಲ್ಲೂ ಮಾರಾಟಕ್ಕಿದೆ: "ಕೂಸಿನ ಹೊಕ್ಕುಳಬಳ್ಳಿ ರಕ್ತ ಇಟ್ಟುಕೊಳ್ಳಿ, ಮುಂದೆ ಅದಕ್ಕೇ ಬೇಕಾಗುತ್ತೆ." ಕೂಸಿಗೆ ಥಲಸ್ಸೇಮಿಯಾ (ಅನುವಂಶೀಯ ರಕ್ತದ ಕಾಯಿಲೆ) ಬಂದರೆ ಆ ರಕ್ತದಲ್ಲೂ ಅದೇ ದೋಷ ಇರುತ್ತದಲ್ಲ! ತನ್ನದೇ ರಕ್ತ ಮೊದಲ 20 ವರ್ಷದಲ್ಲಿ ಬಳಕೆಗೆ ಬರುವ ಸಾಧ್ಯತೆ ಹೆಚ್ಚೆಂದರೆ 2,500ಕ್ಕೆ ಒಂದು ಎನ್ನುತ್ತದೆ ಐಸಿಎಂಆರ್‌ನ ಅದೇ ಮಾರ್ಗಸೂಚಿ. ಆದರೆ ಮನೆಯಲ್ಲಿ ಈಗಾಗಲೇ ಥಲಸ್ಸೇಮಿಯಾ ಇರುವ ಮಗುವಿದ್ದು ಎರಡನೆಯ ಹೆರಿಗೆ ಹತ್ತಿರವಿದ್ದರೆ ಮಾತು ಬೇರೆ: ಹೊಸ ಕೂಸಿನ ರಕ್ತ ಆ ಮಗುವಿಗೆ ಹೊಂದಬಹುದು. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದಾಣಿಕೆ ಸಿಗುವ ಸಾಧ್ಯತೆ ನಾಲ್ಕಕ್ಕೆ ಒಂದು. ಹೆರಿಗೆಗೆ ಮುಂಚೆಯೇ ರಕ್ತರೋಗ ತಜ್ಞರನ್ನು ಕಾಣಿ.